ಹಳೆಯ ಡೆಸ್ಕ್‌ಟಾಪಿಗೆ ಹೊಸ ಆಪರೇಟಿಂಗ್ ಸಿಸ್ಟಂ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಸಣ್ಣದೊಂದು ಡಿಟಿಪಿ ಕೇಂದ್ರ ನಡೆಸುತ್ತಿದ್ದೇನೆ. 2013ರಲ್ಲಿ ಜೋಡಿಸಿಕೊಂಡ ಡೆಸ್ಕ್‌ಟಾಪಿನಲ್ಲಿ ಇಂಟೆಲ್ ಕೋರ್ ಐ3-3220 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್ ಮತ್ತು 32 ಬಿಟ್‌ನ ವಿಂಡೋಸ್ 10 ಇವೆ. ಲಗ್ನಪತ್ರಿಕೆ, ಅರ್ಜಿ, ಕರಪತ್ರಗಳನ್ನು ನುಡಿ ಅಕ್ಷರಗಳಲ್ಲಿ, ಪೇಜ್‌ಮೇಕರ್ ಬಳಸಿ ಮಾಡುತ್ತೇನೆ. ಮುದ್ರಣಕ್ಕೆ ಕ್ಯಾನನ್ ಎಲ್‌ಬಿಪಿ 2900 ಇದೆ. ರಿಪೇರಿಯವರು ಅರ್ಹತಾ ತಪಾಸಣೆಯನ್ನು ದಾಟಿಸಿ ವಿಂಡೋಸ್ 11 ಹಾಕಿಕೊಡುತ್ತೇನೆ ಎನ್ನುತ್ತಾರೆ, ಮಗ ಲಿನಕ್ಸ್ ಹಾಕಿಸಿ ಎನ್ನುತ್ತಾನೆ. ಯಾವುದನ್ನು ಒಪ್ಪಲಿ? — ಓದುಗರು, ಶಿರಸಿ

ಉತ್ತರ: ಯಾವುದನ್ನು ಹಾಕಿಸಿದರೂ, ಈಗಿರುವ ಹಾರ್ಡ್ ಡಿಸ್ಕಿನ ಮೇಲೆ ಮಾತ್ರ ಹಾಕಿಸಬೇಡಿ. 240 ಅಥವಾ 256 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ಗಳಲ್ಲಿ ಕಡತ ಇಡುವ ಡಿಸ್ಕ್) ಕೊಂಡು ಹೊಸ ವ್ಯವಸ್ಥೆಯನ್ನು ಅದರಲ್ಲಿ ಹಾಕಿಸಿ, ಹಳೆಯ ಡಿಸ್ಕನ್ನು ಅದು ಇರುವಂತೆಯೇ ಉಳಿಸಿಕೊಳ್ಳಿ. ನಿಮ್ಮ ಯಂತ್ರ ನಿಧಾನವಾಗಿದ್ದರೆ ಅದಕ್ಕೆ ಪ್ರೊಸೆಸರಿಗಿಂತ ಹೆಚ್ಚಾಗಿ ಆ ಹಾರ್ಡ್ ಡಿಸ್ಕೇ ಕಾರಣವಾಗಿರುತ್ತದೆ. ತಿರುಗುವ ತಟ್ಟೆಯ ಮೇಲೆ ಅಲ್ಲಲ್ಲಿ ಚದುರಿದ ಸಣ್ಣ ಕಡತಗಳನ್ನು ಹುಡುಕಿ ಓದುವ ಕೆಲಸ ಸೆಕೆಂಡಿಗೆ ನೂರರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಎಸ್‌ಎಸ್‌ಡಿಯಲ್ಲಿ ಅದು ಹಲವು ಸಾವಿರಗಳಲ್ಲಿ ನಡೆಯುತ್ತದೆ. ನಿಮ್ಮ ಬೋರ್ಡಿನ ಸಾಟಾ ಕಿಂಡಿ ಹಳೆಯ ವೇಗದ್ದಾಗಿದ್ದರೂ ಈ ವ್ಯತ್ಯಾಸ ಮೊದಲ ದಿನವೇ ತಿಳಿಯುತ್ತದೆ. ಜೊತೆಗೆ ಇನ್ನೊಂದು 4 ಜಿಬಿಯ ಡಿಡಿಆರ್3 ರ‍್ಯಾಮ್ ಸೇರಿಸಿ, ಒಟ್ಟು 8 ಜಿಬಿ ಮಾಡಿಕೊಳ್ಳಿ.

ಇನ್ನು ವಿಂಡೋಸ್ 11ರ ಮಾತು. ಅದು ಅಧಿಕೃತವಾಗಿ ಕೇಳುವುದು ಟಿಪಿಎಂ 2.0 ಭದ್ರತಾ ಚಿಪ್, ಸೆಕ್ಯೂರ್ ಬೂಟ್ (ನಂಬಲರ್ಹ ತಂತ್ರಾಂಶದಿಂದ ಮಾತ್ರ ಯಂತ್ರ ಏಳುವಂತೆ ನೋಡಿಕೊಳ್ಳುವ) ಸೌಲಭ್ಯವಿರುವ ಯುಇಎಫ್‌ಐ (ಯಂತ್ರವನ್ನು ಏಳಿಸುವ, ಬೋರ್ಡಿನಲ್ಲೇ ಇರುವ ಹೊಸ ಬಗೆಯ ತಂತ್ರಾಂಶ) ಮತ್ತು ಇಂಟೆಲ್‌ನಲ್ಲಾದರೆ ಸ್ಥೂಲವಾಗಿ 8ನೇ ಪೀಳಿಗೆಯಿಂದ ಈಚಿನ ಪ್ರೊಸೆಸರ್. ನಿಮ್ಮದು 2012ರಲ್ಲಿ ಬಂದ 3ನೇ ಪೀಳಿಗೆಯ ಪ್ರೊಸೆಸರ್. ತಪಾಸಣೆ ದಾಟಿಸಿದರೆ ವಿಂಡೋಸ್ 11 ಅದರ ಮೇಲೆ ಓಡುತ್ತದೆ ಎಂಬುದು ನಿಜವೇ. ರಿಪೇರಿಯವರು ಸುಳ್ಳು ಹೇಳುತ್ತಿಲ್ಲ. ಆದರೆ ಅರ್ಹವಲ್ಲದ ಯಂತ್ರಕ್ಕೆ ನವೀಕರಣ ಸಿಕ್ಕೇ ಸಿಗುತ್ತದೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ, ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ತಾನಾಗಿ ಇಳಿಯುವುದಿಲ್ಲ, ಪ್ರತಿ ಬಾರಿಯೂ ಅದೇ ದಾಟಿಸುವ ಕೆಲಸವನ್ನು ಕೈಯಾರೆ ಮಾಡಬೇಕಾಗುತ್ತದೆ. ಮನೆಯಲ್ಲಿ ಕಲಿಯಲು ಇಟ್ಟ ಯಂತ್ರವಾಗಿದ್ದರೆ ಮಾಡಿ ನೋಡಿ ಎನ್ನುತ್ತಿದ್ದೆ. ಮದುವೆಯ ಹಂಗಾಮಿನಲ್ಲಿ ಗಿರಾಕಿಗಳು ಎದುರಿಗೆ ಕುಳಿತು ಕಾಯುವ ಅಂಗಡಿಯ ಏಕೈಕ ಯಂತ್ರಕ್ಕೆ ಇದು ಬೇಡ. ಇನ್ನೊಂದು ಸಂಗತಿಯನ್ನೂ ಅವರು ನಿಮಗೆ ಹೇಳಬೇಕಿತ್ತು: ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಆದ್ದರಿಂದ ನಿಮ್ಮಲ್ಲಿ ಈಗಿರುವುದರ ಮೇಲೆಯೇ ಏರಿಸಲು ಬಾರದು. ಎಲ್ಲವನ್ನೂ ಅಳಿಸಿ, ಹೊಸದಾಗಿ ಹಾಕಿ, ಪೇಜ್‌ಮೇಕರ್, ನುಡಿ, ಪ್ರಿಂಟರ್ ಎಲ್ಲವನ್ನೂ ಮತ್ತೆ ಕೂರಿಸಬೇಕಾಗುತ್ತದೆ.

ಹಾಗೆಂದು ಮಗನ ಮಾತನ್ನೂ ಇಡಿಯಾಗಿ ಒಪ್ಪುವಂತಿಲ್ಲ. ಪೇಜ್‌ಮೇಕರ್ ಲಿನಕ್ಸಿನ ತಂತ್ರಾಂಶವಲ್ಲ, ನುಡಿಯ ಕೀಲಿಮಣೆ ತಂತ್ರಾಂಶ ವಿಂಡೋಸಿಗಾಗಿ ಬರೆದದ್ದು, ನಿಮ್ಮ ಪ್ರಿಂಟರ್ ಕ್ಯಾಪ್ಟ್ ಎಂಬ ಕ್ಯಾನನ್‌ನದೇ ಭಾಷೆಯಲ್ಲಿ ಮಾತನಾಡುವುದರಿಂದ ಲಿನಕ್ಸಿನಲ್ಲಿ ಅದನ್ನು ಸರಿಯಾಗಿ ನಡೆಸುವುದು ತ್ರಾಸದ ಕೆಲಸ. ಈ ಕಾರಣದಿಂದ ಎರಡನ್ನೂ ಇಟ್ಟುಕೊಳ್ಳುವ ವ್ಯವಸ್ಥೆಯನ್ನು ನಾನು ಸೂಚಿಸುತ್ತೇನೆ. ಹೊಸ ಎಸ್‌ಎಸ್‌ಡಿಯಲ್ಲಿ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಹಾಕಿಸಿ; ಅದು ಹಗುರವಾದದ್ದು, ಭದ್ರತಾ ನವೀಕರಣಗಳು 2029ರವರೆಗೆ ಬರುತ್ತವೆ. ಇಂಟರ್‌ನೆಟ್, ಇಮೇಲ್, ಸರ್ಕಾರಿ ಜಾಲತಾಣಗಳಲ್ಲಿ ಅರ್ಜಿ ತುಂಬುವುದು, ಗಿರಾಕಿಗಳು ತರುವ ಪೆನ್ ಡ್ರೈವ್ ತೆರೆಯುವುದು, ಇವೆಲ್ಲ ಮಿಂಟ್‌ನಲ್ಲಿ ನಡೆಯಲಿ. ಹಳೆಯ ಡಿಸ್ಕಿನ ವಿಂಡೋಸ್ 10 ಪೇಜ್‌ಮೇಕರ್, ನುಡಿ ಮತ್ತು ಮುದ್ರಣಕ್ಕೆ ಮಾತ್ರ ಇರಲಿ; ಅದಕ್ಕೆ ಇಂಟರ್‌ನೆಟ್ ಸಂಪರ್ಕವೇ ಬೇಡ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಸ್ತೃತ ಭದ್ರತಾ ನವೀಕರಣದ ಯೋಜನೆಗೆ ನೋಂದಾಯಿಸಿಕೊಂಡ ಮನೆಬಳಕೆಯ ಯಂತ್ರಗಳಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ಅವಧಿ ದೊರೆತಿತ್ತು. ಅದನ್ನು ನೆಚ್ಚಿಕೊಂಡು ಯೋಜನೆ ಹಾಕುವುದು ಬೇಡ.

ಹಾಕುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಹಳೆಯ ಕೆಲಸ ಕಳೆದುಹೋಗುವುದು ಈ ಹಂತದಲ್ಲಿಯೇ. ಮೊದಲು ನಿಮ್ಮ ಎಲ್ಲ ಕಡತಗಳನ್ನು, ಜೊತೆಗೆ ಫಾಂಟ್ಸ್ ಫೋಲ್ಡರಿನಲ್ಲಿರುವ ನುಡಿ ಅಕ್ಷರಗಳನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಅವುಗಳಲ್ಲಿ ಕೆಲವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಮಿಂಟ್ ಬರೆದ ಪೆನ್ ಡ್ರೈವಿನಿಂದ ಯಂತ್ರವನ್ನು ಆರಂಭಿಸಿದರೆ, ಡಿಸ್ಕಿಗೆ ಏನನ್ನೂ ಬರೆಯದೆಯೇ ಪರದೆ, ಧ್ವನಿ, ನೆಟ್‌ವರ್ಕ್ ಸರಿಯಾಗಿವೆಯೇ ಎಂದು ಪರೀಕ್ಷಿಸಬಹುದು. ಅದೆಲ್ಲ ಸರಿ ಎನಿಸಿದ ಮೇಲೆ ಯಂತ್ರವನ್ನು ಬಂದ್ ಮಾಡಿ, ಹಳೆಯ ಹಾರ್ಡ್ ಡಿಸ್ಕಿನ ಡೇಟಾ ಕೇಬಲ್ ಕಿತ್ತಿಡಿ, ಆಮೇಲೆ ಎಸ್‌ಎಸ್‌ಡಿ ಜೋಡಿಸಿ ಹಾಕಲು ಆರಂಭಿಸಿ. ಕೇಬಲ್ ಕಿತ್ತಿದ್ದರೆ ‘ಡಿಸ್ಕ್ ಅಳಿಸಿ ಹಾಕು’ ಎಂಬ ಆಯ್ಕೆಯನ್ನು ಯಾರು ಎಷ್ಟೇ ಅವಸರದಲ್ಲಿ ಒತ್ತಿದರೂ ನಿಮ್ಮ ಹಳೆಯ ಕೆಲಸಕ್ಕೆ ಅಪಾಯವಿಲ್ಲ. ಮಳೆಗಾಲದಲ್ಲಿ ಕರೆಂಟು ನಂಬುವಂತಿಲ್ಲವಾದ್ದರಿಂದ ಯುಪಿಎಸ್ ಮೇಲೆ ಇಟ್ಟೇ ಮಾಡಿಸಿ. ಬೋರ್ಡಿನ ಮೇಲಿರುವ ಸಿಆರ್2032 ಬ್ಯಾಟರಿಯನ್ನೂ ಈ ಸಂದರ್ಭದಲ್ಲಿ ಬದಲಿಸಿಬಿಡಿ. ಅದು ಸತ್ತಿದ್ದರೆ ದಿನಾಂಕ ಹಿಂದಕ್ಕೆ ಹೋಗಿ, ಜಾಲತಾಣಗಳು ಪ್ರಮಾಣಪತ್ರದ ದೋಷ ತೋರಿಸುತ್ತವೆ, ಜನ ಅದನ್ನು ಹೊಸ ಸಿಸ್ಟಂನ ತಪ್ಪೆಂದು ತಿಳಿಯುತ್ತಾರೆ.

ಎಲ್ಲ ಮುಗಿದ ಮೇಲೆ ಹಳೆಯ ಡಿಸ್ಕನ್ನು ಮತ್ತೆ ಜೋಡಿಸಿ. ಯಂತ್ರ ಚಾಲೂ ಮಾಡುವಾಗ ಬೂಟ್ ಮೆನು ತೆರೆದು ಯಾವ ಡಿಸ್ಕ್ ಬೇಕೋ ಅದನ್ನು ಆರಿಸಿಕೊಳ್ಳಬಹುದು. ಎರಡು ಸಂಗತಿಗಳು ನಿಮ್ಮನ್ನು ಕಾಡಬಹುದು. ಒಂದರಿಂದ ಇನ್ನೊಂದಕ್ಕೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆಮುಂದೆ ಆಗುತ್ತದೆ. ಬೋರ್ಡಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದೂ ಲಿನಕ್ಸ್ ಜಾಗತಿಕ ಸಮಯವೆಂದೂ ಓದುವುದೇ ಇದಕ್ಕೆ ಕಾರಣ. ಸ್ಥಳೀಯ ಸಮಯವನ್ನೇ ಬಳಸುವಂತೆ ಮಿಂಟ್‌ನಲ್ಲಿ ಒಂದು ಆದೇಶದಿಂದ ಹೊಂದಿಸಿದರೆ ಸಾಕು, ಇದನ್ನು ಮಗನಿಗೆ ಹೇಳಿ. ಎರಡನೆಯದು, ವಿಂಡೋಸನ್ನು ಬೇಗ ಏಳಿಸುವ ಫಾಸ್ಟ್ ಸ್ಟಾರ್ಟ್‌ಅಪ್ ಸೌಲಭ್ಯ ಚಾಲೂ ಇದ್ದರೆ ಮಿಂಟ್‌ನಿಂದ ಆ ಡಿಸ್ಕನ್ನು ಓದಲು ಮಾತ್ರ ಆಗುತ್ತದೆ, ಬರೆಯಲು ಆಗುವುದಿಲ್ಲ. ಆ ಸೌಲಭ್ಯವನ್ನು ಮೊದಲೇ ಬಂದ್ ಮಾಡಿ.

ನಿಮ್ಮ ಹಳೆಯ ಕಡತಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಯುನಿಕೋಡ್ (ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಅಲ್ಲದ ನುಡಿ ಅಕ್ಷರಗಳಲ್ಲಿ ಮಾಡಿದ ಕೆಲಸ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಮಿಂಟ್‌ನಲ್ಲಿ ಫಾಂಟ್ ಹಾಕಿಕೊಂಡರೆ ವರ್ಡ್ ಕಡತಗಳನ್ನು ಲಿಬ್ರೆಆಫೀಸಿನಲ್ಲಿ ಓದಬಹುದು, ಆದರೆ ಹುಡುಕಲು, ಇಮೇಲಿನಲ್ಲಿ ಕಳಿಸಲು ಅವು ಒದಗುವುದಿಲ್ಲ. ಆದ್ದರಿಂದ ಹೊಸ ಕೆಲಸವನ್ನಾದರೂ ಯುನಿಕೋಡಿನಲ್ಲಿ ಆರಂಭಿಸಿ. ಮಿಂಟ್‌ನಲ್ಲಿ ಕನ್ನಡದ ಕಗಪ ಕೀಲಿಮಣೆ ವಿನ್ಯಾಸ (ನುಡಿಯಲ್ಲಿ ಇರುವುದೇ) ಸಿಗುವುದರಿಂದ ನಿಮ್ಮ ಬೆರಳುಗಳಿಗೆ ಹೊಸ ಅಭ್ಯಾಸವೇನೂ ಬೇಕಾಗುವುದಿಲ್ಲ, ಪುಟವಿನ್ಯಾಸಕ್ಕೆ ಸ್ಕ್ರೈಬಸ್ 1.6 ಇದೆ. ಹಳೆಯ ಪಠ್ಯವನ್ನು ಪರಿವರ್ತಿಸಿದಾಗ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಿ. ಅರ್ಕಾವತ್ತನ್ನು ಹಳೆಯ ಸಂಕೇತದಲ್ಲಿ ಅಕ್ಷರದ ನಂತರ, ಯುನಿಕೋಡಿನಲ್ಲಿ ಅಕ್ಷರಕ್ಕೆ ಮೊದಲು ಇಡುವುದರಿಂದ ತಪ್ಪು ನುಸುಳುವುದು ಅಲ್ಲಿಯೇ.

ಪ್ರಶ್ನೆ: ನಮ್ಮ ಮನೆಯ ಡೆಸ್ಕ್‌ಟಾಪ್ 2018ರದ್ದು, ಇಂಟೆಲ್ 8ನೇ ಪೀಳಿಗೆಯದು. ಆದರೂ ಟಿಪಿಎಂ ಇಲ್ಲವೆಂದು ವಿಂಡೋಸ್ 11 ನಿರಾಕರಿಸುತ್ತಿದೆ. ಚಿಪ್ ಕೊಳ್ಳಬೇಕೇ? — ಓದುಗರು, ಮೈಸೂರು

ಉತ್ತರ: ಕೊಳ್ಳಬೇಡಿ. ಆ ಕಾಲದ ಯಂತ್ರಗಳಲ್ಲಿ ಈ ಸೌಲಭ್ಯ ಸಾಮಾನ್ಯವಾಗಿ ಒಳಗೇ ಇದ್ದು, ಬಯಾಸ್‌ನಲ್ಲಿ (ಯಂತ್ರ ಏಳುವಾಗ ತೆರೆಯಬಹುದಾದ ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ) ಬಂದ್ ಆಗಿರುತ್ತದೆ. ಇಂಟೆಲ್ ಬೋರ್ಡಿನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಅದನ್ನು ಚಾಲೂ ಮಾಡಿ ಮತ್ತೆ ಪರೀಕ್ಷಿಸಿ. ವಿಂಡೋಸನ್ನು ಹಿಂದೆ ಲೆಗಸಿ ಎಂಬ ಹಳೆಯ ಬೂಟ್ ವಿಧಾನದಲ್ಲಿ ಹಾಕಿದ್ದರೆ, ಬಯಾಸ್‌ನಲ್ಲಿ ನೇರವಾಗಿ ಯುಇಎಫ್‌ಐಗೆ ಬದಲಿಸಿದ ಕೂಡಲೇ ಯಂತ್ರ ಏಳುವುದಿಲ್ಲ. ಮೊದಲು ವಿಂಡೋಸಿನೊಳಗಿರುವ ಎಂಬಿಆರ್2ಜಿಪಿಟಿ ಸಾಧನದಿಂದ ಡಿಸ್ಕಿನ ವಿಭಾಗ ಪಟ್ಟಿಯನ್ನು ಪರಿವರ್ತಿಸಿ, ಆಮೇಲೆ ಬದಲಿಸಬೇಕು. ಕಡತಗಳ ನಕಲು ಮಾಡಿಕೊಳ್ಳದೆ ಇದಕ್ಕೆ ಕೈ ಹಾಕಬೇಡಿ.

ಪ್ರಶ್ನೆ: ಕೋರ್ 2 ಡ್ಯೂಯೋ ಪ್ರೊಸೆಸರಿನ, 2 ಜಿಬಿ ರ‍್ಯಾಮಿನ ಹಳೆಯ ಡೆಸ್ಕ್‌ಟಾಪಿಗೆ ವಿಂಡೋಸ್ 11 ಹೇಗಾದರೂ ಹಾಕಬಹುದೇ? — ಓದುಗರು, ಗದಗ

ಉತ್ತರ: ಸಾಧ್ಯವಿಲ್ಲ. ವಿಂಡೋಸ್ 11ರ 24ಎಚ್2 ಮತ್ತು ಅದರ ನಂತರದ ಆವೃತ್ತಿಗಳಿಗೆ ಬೇಕಾದ ಪಾಪ್‌ಕೌಂಟ್ ಎಂಬ ಆದೇಶ ಆ ಪ್ರೊಸೆಸರಿನಲ್ಲಿಯೇ ಇಲ್ಲವಾದ್ದರಿಂದ, ತಪಾಸಣೆ ದಾಟಿಸಿದರೂ ಅದು ಆರಂಭವಾಗುವುದಿಲ್ಲ. ರ‍್ಯಾಮ್ 4 ಜಿಬಿಗೆ ಏರಿಸಿ ಹಗುರವಾದ ಲಿನಕ್ಸ್ ಹಾಕಿದರೆ ಪತ್ರ ಬರೆಯಲು, ಮಕ್ಕಳು ಟೈಪಿಂಗ್ ಕಲಿಯಲು ಅದು ಇನ್ನೂ ಒದಗುತ್ತದೆ. ಇದಕ್ಕಿಂತ ಹೆಚ್ಚಿನ ಹಣವನ್ನು ಆ ಯಂತ್ರದ ಮೇಲೆ ಹಾಕಬೇಡಿ. ಕಚೇರಿಗಳು ಮಾರುವ 8ನೇ ಪೀಳಿಗೆಯ ಬಳಸಿದ ಡೆಸ್ಕ್‌ಟಾಪ್ ಸಿಕ್ಕರೆ ಆ ಹಣವನ್ನು ಅದಕ್ಕೆ ಕೊಡಿ.