ನೀರುದೋಸೆಯಿಂದಲೇ ಶುರು ಮಾಡಿ

ಪ್ರಶ್ನೆ: ಮಗನಿಗೆ 16 ವರ್ಷ, ಆಟಿಸಂ ಇದೆ. ನೀರುದೋಸೆ, ಬೆಳ್ತಿಗೆ (ಬಿಳಿ ಅಕ್ಕಿ) ಅನ್ನ ಮೊಸರು, ಒಂದೇ ಕಂಪನಿಯ ಬಿಸ್ಕತ್ತು, ಎರಡು ಲೋಟ ಹಾಲು ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ. ಕುಚ್ಚಲಕ್ಕಿ ಅನ್ನ ಬಡಿಸಿದರೆ ಎದ್ದು ಹೋಗುತ್ತಾನೆ. ಎರಡು ದಿನ ಉಪವಾಸ ಹಾಕಿದರೆ ತಾನಾಗಿ ತಿನ್ನುತ್ತಾನೆ ಎನ್ನುತ್ತಾರೆ ಅತ್ತೆ. ಹಾಲು, ಗೋಧಿ ನಿಲ್ಲಿಸಿದರೆ ಆಟಿಸಂ ಕಡಿಮೆಯಾಗುತ್ತದೆ ಎಂದು ಪರಿಚಿತರೊಬ್ಬರು ಹೇಳಿದರು. ಏನು ಮಾಡಲಿ?
– ಒಬ್ಬ ತಾಯಿ, ಕಾಪು

ಉತ್ತರ: ಉಪವಾಸ ಖಂಡಿತ ಬೇಡ. ಹಸಿದರೆ ತಿನ್ನುತ್ತಾರೆ ಎಂಬ ಲೆಕ್ಕ ಇಂಥ ಮಕ್ಕಳಲ್ಲಿ ತಪ್ಪುತ್ತದೆ. ಕುಚ್ಚಲಕ್ಕಿಯ ಘಮ, ದಪ್ಪ ಅಗುಳು ನಮಗೆ ಹಿತ. ಅವನ ಮೂಗು, ನಾಲಿಗೆ ಅದನ್ನು ತಾಳಲಾರದೆ ಇರಬಹುದು.

ಹಾಲು, ಮೊಸರನ್ನೂ ನಿಲ್ಲಿಸಬೇಡಿ. ಅವನಿಗೆ ಸಿಗುತ್ತಿರುವ ಕ್ಯಾಲ್ಸಿಯಂನ ಬಹುಪಾಲು ಅಲ್ಲಿಂದಲೇ. ಈ ಪಥ್ಯದಿಂದ ಆಟಿಸಂ ಕಡಿಮೆಯಾಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಹಾಲು ಅಥವಾ ಗೋಧಿ ಒಗ್ಗದು ಎಂದು ಪರೀಕ್ಷೆಯಲ್ಲಿ ಕಂಡುಬಂದರೆ ಮಾತು ಬೇರೆ.

ನನ್ನ ಅಕ್ಕನ ಮಗನಿಗೂ ಆಟಿಸಂ. ಅವನು 12 ವರ್ಷದವನಿದ್ದಾಗ ಮಂಗಳೂರಿನ ನಮ್ಮ ಮನೆಗೆ ಬಂದಿದ್ದ. ಪೌಷ್ಟಿಕಾಂಶದ ಆಸೆಗೆ ನಾನು ನೀರುದೋಸೆ ಹಿಟ್ಟಿಗೆ ಎರಡು ಚಮಚ ರಾಗಿ ಹಿಟ್ಟು ಕದ್ದು ಬೆರೆಸಿದೆ. ಅವನು ಒಂದು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ಮೂಸಿದ, ತಟ್ಟೆಯ ಅಂಚಿಗೆ ಇಟ್ಟ. ಆಮೇಲೆ ಐದು ವಾರ ಯಾರು ಹೊಯ್ದ ದೋಸೆಯನ್ನೂ ಮುಟ್ಟಲಿಲ್ಲ. ಅವನು ನಂಬಿದ್ದ ಒಂದು ತಿಂಡಿಯನ್ನೂ ಕಿತ್ತುಕೊಂಡೆನಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ. ಆದ್ದರಿಂದ ಮಗನ ದೋಸೆಯಲ್ಲಿ ಏನನ್ನೂ ಬಚ್ಚಿಡಬೇಡಿ.

ಅವನ ದೋಸೆ ಎಂದಿನಂತೆಯೇ ಇರಲಿ. ಪಕ್ಕದ ಚಿಕ್ಕ ಬಟ್ಟಲಿನಲ್ಲಿ, ಸ್ವಲ್ಪ ಉದ್ದಿನಬೇಳೆ ಸೇರಿಸಿ ರುಬ್ಬಿ ಹೊಯ್ದ ದೋಸೆಯ ನಾಣ್ಯದಗಲದ ತುಂಡು ಇಡಿ. ಬಣ್ಣ ಬಿಳಿಯೇ, ಪ್ರೋಟೀನು ಹೆಚ್ಚು. ತಿನ್ನು ಎನ್ನಬೇಡಿ. ಮೂಸಿದರೂ ಆ ದಿನಕ್ಕೆ ಸಾಕು. ಹತ್ತು ಹದಿನೈದು ಸಲ ಇಡಬೇಕಾದೀತು, ಬೇಸರಿಸಬೇಡಿ. ಅದು ಒಗ್ಗಿದ ಮೇಲೆ ಅಕ್ಕಿಯ ಸೇಮಿಗೆ, ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಇಡ್ಲಿಯಂಥ ಮೂಡೆ. ಹಿಟ್ಟು ಹೊಯ್ಯುವ ಸೌಟು ಅವನ ಕೈಗೇ ಕೊಡಿ. 16 ವರ್ಷದವನಿಗೆ ಕಾವಲಿಯ ಮುಂದೆ ನಿಂತು ಕಲಿಯುವುದು ಬಹಳವಿದೆ. ಅಕ್ಕನ ಮಗನಿಗೆ ಗರಿಗರಿಯಾದದ್ದು ಇಷ್ಟವೆಂದು ತಿಳಿದದ್ದೇ ಹಾಗೆ, ದೋಸೆಯ ಅಂಚು ಸುಟ್ಟ ದಿನ. ಈಗ ರವೆ ಹಚ್ಚಿ ಕಾಯಿಸಿದ ಬಂಗುಡೆ ತಿನ್ನುತ್ತಾನೆ.

ನನಗೆ ಹೆಚ್ಚು ಆತಂಕವಿರುವುದು ವಿಟಮಿನ್ ಸಿ ಬಗ್ಗೆ. ನಿಮ್ಮ ಪಟ್ಟಿಯಲ್ಲಿ ಒಂದು ಹಣ್ಣಿಲ್ಲ, ತರಕಾರಿಯಿಲ್ಲ. ಇಷ್ಟು ಸೀಮಿತವಾಗಿ ಉಣ್ಣುವ ಆಟಿಸಂ ಮಕ್ಕಳಲ್ಲಿ ವಿಟಮಿನ್ ಸಿ ಕೊರತೆಯ ಕಾಯಿಲೆ ಸ್ಕರ್ವಿ ಇಂದಿಗೂ ಕಾಣಿಸಿಕೊಳ್ಳುತ್ತದೆ. ಒಸಡಿನಲ್ಲಿ ರಕ್ತ, ಕಾಲುನೋವು, ನಡೆಯಲು ಒಲ್ಲೆ ಎನ್ನುವುದು ಅದರ ಲಕ್ಷಣಗಳು. ನೋವನ್ನು ಹೇಳಿಕೊಳ್ಳಲಾಗದ ಮಗು ಕುಂಟಿದರೆ ಹಠವೆಂದು ಬಿಡಬೇಡಿ. ಸೋಸಿದ ನಿಂಬೆ ಶರಬತ್ತನ್ನು ಬಟ್ಟಲಿನ ಪಕ್ಕ ಇಟ್ಟು ನೋಡಿ, ಅದೂ ಬಿಳಿಚಾಗಿಯೇ ಇರುತ್ತದೆ.

ಆದರೆ ಶರಬತ್ತನ್ನೇ ನಂಬಿ ಕೂರಬೇಡಿ, ಈ ವಾರವೇ ವೈದ್ಯರನ್ನು ಕಾಣಿ. ಹಿಮೋಗ್ಲೋಬಿನ್, ಕಬ್ಬಿಣ, ವಿಟಮಿನ್ ಡಿ, ಬಿ12 ಪರೀಕ್ಷೆಯ ಬಗ್ಗೆ ಕೇಳಿ. ಮಲಬದ್ಧತೆ, ಹಲ್ಲುನೋವು ಇದೆಯೇ ಎಂದೂ ನೋಡಲಿ. ಇವೂ ಊಟ ಬಿಡಿಸುತ್ತವೆ. ವಿಟಮಿನ್ ಮಾತ್ರೆ ಅವರು ಹೇಳಿದಷ್ಟೇ ಕೊಡಿ. ಹೋಗುವಾಗ ನಾಲ್ಕೈದು ದಿನ ಅವನು ತಿಂದದ್ದನ್ನು ಬರೆದ ಚೀಟಿ, ಬಿಸ್ಕತ್ತಿನ ಖಾಲಿ ಪೊಟ್ಟಣ ಒಯ್ಯಿರಿ. ಕಾಯುವ ಹೊತ್ತಿಗೆ ಅವನ ನೀರುದೋಸೆಯ ಡಬ್ಬಿಯೂ ಜೊತೆಗಿರಲಿ.