ಸಂಪಾದಕರ ಉತ್ತರ: ಕೈದಿಯ ಕೊರಳಲ್ಲಿ ಸ್ಟೆತಾಸ್ಕೋಪ್ ಇರಲಿ, ಕಪಾಟಿನ ಕೀಲಿ ಬೇಡ

ಗದಗ-ಬೆಟಗೇರಿಯ ನಿವೃತ್ತ ಫಾರ್ಮಸಿಸ್ಟರೊಬ್ಬರ ಪತ್ರದ ಸಾರ ಇಷ್ಟು: ಅವರ ಪರಿಚಯದ ಎಂಬಿಬಿಎಸ್ ಪದವೀಧರನೊಬ್ಬನಿಗೆ ಕಠಿಣ ಸಜೆಯಾಗಿದೆ. ಜೈಲಿನಲ್ಲಿ ಅವನಿಗೆ ಸಿಕ್ಕಿರುವುದು ಮಗ್ಗದ ಕೆಲಸ. ‘ರಾತ್ರಿ ಬ್ಯಾರಕ್‌ನಾಗ ಯಾರಿಗರೆ ಎದಿ ನೋವು ಬಂದ್ರ ನೋಡಾಕ ಡಾಕ್ಟರಿಲ್ಲ. ಕಲಿತ ಡಾಕ್ಟರನ್ನ ನೂಲು ಸುತ್ತಾಕ ಕುಂದರ್ಸ್ಯಾರ. ಇದ್ಯಾವ ಶ್ಯಾಣ್ಯಾತನ?’ ಎಂದು ಕೇಳಿದ್ದಾರೆ. ಅವನನ್ನೇ ಜೈಲು ದವಾಖಾನೆಯ ಡಾಕ್ಟರಾಗಿ ನೇಮಿಸಲು ಕಾಯ್ದೆ ಅಡ್ಡ ಬರುತ್ತದೆಯೇ, ನರ್ಸಿಂಗ್, ಫಾರ್ಮಸಿ ಓದಿ ಒಳಗಾದವರ ಕಥೆ ಏನು ಎಂಬುದೂ ಅವರ ಪ್ರಶ್ನೆ. ಹೆಸರು, ಜೈಲು ಯಾವುದನ್ನೂ ಅಚ್ಚು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

ತಮ್ಮ ಸಿಟ್ಟು ಸುಳ್ಳಲ್ಲ. 2016ರ ಮಾದರಿ ಕಾರಾಗೃಹ ಕೈಪಿಡಿ 300 ಬಂಧಿಗಳಿಗೆ ಒಬ್ಬ ವೈದ್ಯ ಇರಬೇಕೆನ್ನುತ್ತದೆ. ದೇಶದ ಜೈಲುಗಳ ಒಟ್ಟು ಲೆಕ್ಕ ಅದರ ಹತ್ತಿರಕ್ಕೂ ಬಂದಿಲ್ಲ. ಧಾರವಾಡದಂಥ ಕೇಂದ್ರ ಕಾರಾಗೃಹದ ಮಾತು ಬೇರೆ. ಜಿಲ್ಲಾ ಮತ್ತು ಉಪ ಕಾರಾಗೃಹಗಳು ಹೊರಗಿನಿಂದ ಬಂದು ಹೋಗುವ ಡಾಕ್ಟರನ್ನೇ ನಂಬಿಕೊಂಡಿರುವುದು ಹೆಚ್ಚು. ಸಂಜೆ ಲಾಕಪ್ ಆದ, ಅಂದರೆ ಬ್ಯಾರಕ್ಕಿಗೆ ಬೀಗ ಬಿದ್ದ ಮೇಲೆ ರೋಗಿಯನ್ನು ಜಿಲ್ಲಾ ಆಸ್ಪತ್ರೆಗೋ ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆ ಕಿಮ್ಸ್‌ಗೋ ಒಯ್ಯಬೇಕೆಂದರೆ ಗಾಡಿ ಬೇಕು, ಬೆಂಗಾವಲು ಪೊಲೀಸರು ಬೇಕು, ಅಧಿಕಾರಿಯ ಸಹಿ ಬೇಕು. ಮೂರೂ ಕೂಡಿಬರುವಷ್ಟರಲ್ಲಿ ಹೃದಯಾಘಾತದ ಮೊದಲ ಗಂಟೆ ಕಳೆದಿರುತ್ತದೆ.

ಆದರೂ ತಮ್ಮ ಮಾತನ್ನು ಅರ್ಧ ಒಪ್ಪುತ್ತೇವೆ, ಅರ್ಧ ಬಿಡುತ್ತೇವೆ. ಆ ಹುಡುಗನನ್ನು ಮಗ್ಗದಿಂದ ಎಬ್ಬಿಸಿ ದವಾಖಾನೆಗೆ ಕರೆಯಲಿ. ಡಾಕ್ಟರ ಕುರ್ಚಿಯಲ್ಲಿ ಮಾತ್ರ ಕೂರಿಸಬಾರದು.

ಕಾಯ್ದೆಯ ಮಾತು ಮೊದಲು ಮುಗಿಸೋಣ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೇ ಕಲಮಿನಂತೆ ರಾಜ್ಯದ ಅಥವಾ ರಾಷ್ಟ್ರೀಯ ರಿಜಿಸ್ಟರಿನಲ್ಲಿ ಹೆಸರಿಲ್ಲದವರು ವೈದ್ಯ ವೃತ್ತಿ ಮಾಡುವಂತಿಲ್ಲ, ವೈದ್ಯಕೀಯ ಸರ್ಟಿಫಿಕೇಟಿಗೆ ಸಹಿ ಹಾಕುವಂತಿಲ್ಲ. ತಪ್ಪಿದರೆ ಒಂದು ವರ್ಷದವರೆಗೆ ಸಜೆ, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಂದರೆ ಪದವಿ ಸಾಲದು, ನೋಂದಣಿ ಜೀವಂತ ಇರಬೇಕು. ಶಿಕ್ಷೆಯಾದ ದಿನವೇ ಅದು ತಾನಾಗಿ ಸಾಯುವುದಿಲ್ಲ. ನೈತಿಕ ಅಧಃಪತನದ ಅಪರಾಧದಲ್ಲಿ ಶಿಕ್ಷೆಯಾಗುವುದು ವೃತ್ತಿ ದುರ್ನಡತೆ ಎಂದು 2002ರ ವೃತ್ತಿನೀತಿ ನಿಯಮಗಳು ಹೇಳುತ್ತವೆ, ಹೆಸರು ತೆಗೆಯುವ ತೀರ್ಮಾನ ಮಾತ್ರ ರಾಜ್ಯ ವೈದ್ಯಕೀಯ ಕೌನ್ಸಿಲ್‌ನದು. ಫಾರ್ಮಸಿಸ್ಟರಿಗೆ 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮಿದೆ, ನೋಂದಣಿ ಇಲ್ಲದವರು ಔಷಧಿ ಕೊಡುವಂತಿಲ್ಲ ಎಂಬುದು, ಅದು ತಮಗೆ ಬಾಯಿಪಾಠ. ನರ್ಸ್‌ಗಳಿಗೂ ಆಯುರ್ವೇದ, ಹೋಮಿಯೋಪಥಿಯವರಿಗೂ ಅವರವರ ಕೌನ್ಸಿಲ್ ಇದೆ, ಅವರವರ ರಿಜಿಸ್ಟರ್ ಇದೆ.

ದುಡಿಮೆಯ ಕಟ್ಟಳೆ ಬೇರೆ. ಕಠಿಣ ಸಜೆಯವರು ಕೆಲಸ ಮಾಡಲೇಬೇಕು. ಸಾದಾ ಸಜೆಯವರು, ವಿಚಾರಣಾಧೀನರು ತಾವಾಗಿ ಒಪ್ಪಿದರೆ ಮಾತ್ರ. ದುಡಿದವರಿಗೆ ನ್ಯಾಯವಾದ ಕೂಲಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 1998ರಲ್ಲಿ ಗುಜರಾತ್ ಪ್ರಕರಣದಲ್ಲಿ ಹೇಳಿದೆ. ಅದೇ ಕೋರ್ಟಿನ 2024ರ ಅಕ್ಟೋಬರ್ 3ರ ತೀರ್ಪು ಜಾತಿ ನೋಡಿ ಜೈಲುಗೆಲಸ ಹಂಚುವುದನ್ನು ಅಸಂವಿಧಾನಿಕ ಎಂದಿತು. ದವಾಖಾನೆಗೂ ಇದು ಲಾಗೂ. ಓದಿದವನ ಕೈಗೆ ರಿಜಿಸ್ಟರ್, ಬೆಡ್‌ಪ್ಯಾನ್ ಮಾತ್ರ ‘ಆ ಕೇರಿಯವನಿಗೆ’ ಎಂಬ ಹಳೇ ಚಾಳಿ ಹೊಸ ವ್ಯವಸ್ಥೆಯೊಳಗೆ ನುಸುಳಬಾರದು.

ಹಾಗಾದರೆ ನೋಂದಣಿ ಜೀವಂತವಿರುವ ಕೈದಿಯನ್ನೇಕೆ ಡಾಕ್ಟರ್ ಮಾಡಬಾರದು? ಅವನಿಗೆ ಬರುವ ವಿದ್ಯೆಯ ಬಗ್ಗೆ ನಮಗೆ ತಕರಾರಿಲ್ಲ. ಜೈಲಿನಲ್ಲಿ ಡಾಕ್ಟರ ಪೆನ್ನಿನಿಂದ ಏನೇನು ಹೊರಡುತ್ತದೆ ಎಂಬುದನ್ನು ನೋಡಬೇಕು. ಕಿಕ್ಕಿರಿದ ಬ್ಯಾರಕ್‌ನ ನೆಲ ಬಿಟ್ಟು ಮಂಚ ಬೇಕಾದರೆ ಡಾಕ್ಟರ್ ಬರೆಯಬೇಕು. ಹಾಲು, ತತ್ತಿ, ಬ್ರೆಡ್ಡಿನ ಪಥ್ಯಕ್ಕೆ ಡಾಕ್ಟರ್ ಬರೆಯಬೇಕು. ಕೆಲಸದಿಂದ ರಜೆ, ಕಿಮ್ಸ್‌ಗೆ ಹೋಗುವ ಚೀಟಿ, ಅಂದರೆ ಅರ್ಧ ದಿನ ಹೊರಗಿನ ಗಾಳಿ, ನಿದ್ದೆ ಗುಳಿಗೆ, ಎಲ್ಲವೂ ಅಲ್ಲಿಂದಲೇ. ಒಳಗಿನ ಸಂತೆಯಲ್ಲಿ ಇವಕ್ಕೆಲ್ಲ ರೇಟಿದೆ. ಈ ಪೆನ್ನನ್ನು ರಾತ್ರಿ ಅದೇ ಬ್ಯಾರಕ್‌ಗೆ ಹೋಗಿ ಮಲಗಬೇಕಾದವನಿಗೆ ಕೊಟ್ಟರೆ ಅವನು ಒಂದೋ ಮಾರುತ್ತಾನೆ, ಇಲ್ಲವೇ ಹೊಡೆತ ತಿನ್ನುತ್ತಾನೆ. ಪ್ರಾಮಾಣಿಕನಿಗೆ ಎರಡನೆಯದು ಗ್ಯಾರಂಟಿ.

ಇನ್ನೊಂದು ಮಗ್ಗುಲಿನಿಂದಲೂ ಒತ್ತಡ ಇದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ಹೊಸದಾಗಿ ಬಂದ ಬಂಧಿಯ ಬೆನ್ನ ಮೇಲೆ ಬಾಸುಂಡೆ ಇದೆ ಎಂದುಕೊಳ್ಳಿ. ಒಳಗೆ ಸೇರಿಸಿಕೊಳ್ಳುವಾಗಿನ ತಪಾಸಣೆಯಲ್ಲಿ ಅದರ ಉದ್ದ, ಅಗಲ, ಬಣ್ಣ, ಜಾಗ ಬರೆಯಬೇಕು. ನಾಳೆ ಕೋರ್ಟಿನಲ್ಲಿ ಅದೇ ಸಾಕ್ಷಿ. ಪೆರೋಲ್, ಮಾಫಿ, ಮುಲಾಕಾತ್ ಎಲ್ಲಕ್ಕೂ ಅಧಿಕಾರಿಗಳ ಮುಖ ನೋಡಬೇಕಾದ ಕೈದಿ-ಡಾಕ್ಟರ್ ಅದನ್ನು ಇದ್ದದ್ದಿದ್ದಂತೆ ಬರೆಯುತ್ತಾನೆಂದು ಯಾವ ಧೈರ್ಯದ ಮೇಲೆ ನಂಬುವುದು? ಬರೆದರೂ ವಕೀಲರು ಅವನನ್ನು ಕಟಕಟೆಯಲ್ಲಿ ಎಷ್ಟು ಹೊತ್ತು ನಿಲ್ಲಿಸಿಯಾರು? ಹಾಗಾಗಿ ಗಾಯದ ಸರ್ಟಿಫಿಕೇಟು, ಶಿಕ್ಷೆ ತಾಳಬಲ್ಲ ಎಂಬ ದಾಖಲೆ, ಸಾವಿನ ಕಾಗದ, 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಪರಿಶೀಲನಾ ಮಂಡಳಿಗೆ ಮೂರು ತಿಂಗಳಿಗೊಮ್ಮೆ ಹೋಗುವ ವರದಿ ಇವೆಲ್ಲ ಸರ್ಕಾರಿ ವೈದ್ಯಾಧಿಕಾರಿಯವೇ. ಎಚ್‌ಐವಿ ಫೈಲೂ ಹಾಗೆಯೇ. 2017ರ ಎಚ್‌ಐವಿ ಕಾಯ್ದೆಯ ಗೌಪ್ಯತೆ ಸಹಬಂಧಿಯ ಕೈಯಲ್ಲಿ ಒಂದು ದಿನವೂ ಉಳಿಯದು.

ಬೇರೆಡೆ ಆಗಿಹೋದದ್ದೂ ಕಣ್ಣ ಮುಂದಿದೆ. ಅಮೆರಿಕದ ಅಲಬಾಮ ಜೈಲುಗಳಲ್ಲಿ ತರಬೇತಿಯೂ ಮೇಲ್ವಿಚಾರಣೆಯೂ ಇಲ್ಲದ ಕೈದಿಗಳೇ ಹಲ್ಲು ಕೀಳುತ್ತಿದ್ದರು, ಸೂಜಿ ಮಾಡುತ್ತಿದ್ದರು, ಹೊಲಿಗೆ ಹಾಕುತ್ತಿದ್ದರು, ಎಕ್ಸ್‌ರೇ ತೆಗೆಯುತ್ತಿದ್ದರು. 1972ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ಇದನ್ನೆಲ್ಲ ದಾಖಲಿಸಿ ಅಸಂವಿಧಾನಿಕ ಎಂದಿತು. ಇಂದು ಆ ದೇಶದ ಜೈಲು ಆರೋಗ್ಯ ಮಾನದಂಡಗಳ ಪ್ರಕಾರ ಕೈದಿಗಳು ಔಷಧಿ, ಹರಿತ ಉಪಕರಣ, ರೋಗಿಯ ದಾಖಲೆ ಮುಟ್ಟುವಂತಿಲ್ಲ, ಡಾಕ್ಟರನ್ನು ಕಾಣಬೇಕೆಂಬ ಚೀಟಿಗಳನ್ನು ಸಂಗ್ರಹಿಸುವಂತೆಯೂ ಇಲ್ಲ. ಚೀಟಿ ಒಟ್ಟುಮಾಡುವವನೇ ಯಾರಿಗೆ ಸರದಿ ಎಂದು ತೀರ್ಮಾನಿಸತೊಡಗುತ್ತಾನೆ. ನಮ್ಮಲ್ಲೂ ಬ್ಯಾರಕ್ ಬಾಗಿಲಲ್ಲಿ ಬೀಗದ ಪೆಟ್ಟಿಗೆ ಇಟ್ಟು, ಕೀಲಿಯನ್ನು ದವಾಖಾನೆಯ ಸರ್ಕಾರಿ ನರ್ಸ್ ಬಳಿ ಇಟ್ಟರೆ ಅರ್ಧ ದಲ್ಲಾಳಿತನ ನಿಲ್ಲುತ್ತದೆ.

ಇನ್ನು ಉಳಿಯುವ ಕೆಲಸ ಸಣ್ಣದೇನಲ್ಲ. ತಮ್ಮ ವೃತ್ತಿಯಿಂದಲೇ ಶುರು ಮಾಡೋಣ. ಫಾರ್ಮಸಿ ಓದಿದ ಬಂಧಿ ಔಷಧಿ ಕೋಣೆಯ ಲೆಕ್ಕ ನೋಡಬಹುದು, ಸಿಬ್ಬಂದಿಯ ಎದುರಿಗೆ, ಬಾಗಿಲು ತೆರೆದಿಟ್ಟು. ಅವಧಿ ಮೊದಲು ಮುಗಿಯುವುದನ್ನು ಮುಂದಿನ ಸಾಲಿಗೆ ತರುವುದು, ಫ್ರಿಜ್ಜಿನ ಉಷ್ಣತೆ 2ರಿಂದ 8 ಡಿಗ್ರಿಯೊಳಗೆ ಇದೆಯೇ ಎಂದು ಬೆಳಿಗ್ಗೆ-ಸಂಜೆ ಬರೆಯುವುದು, ಇನ್ಸುಲಿನ್ ಬಾಟಲಿ ತೆರೆದ ತಾರೀಖು ಬರೆದು 28 ದಿನಕ್ಕೆ ಬದಿಗೆ ಸರಿಸುವುದು. ಇನ್ಸುಲಿನ್‌ನಲ್ಲಿ ಒಂದು ಅಪಾಯ ಅವನ ಕಣ್ಣಿಗೇ ಮೊದಲು ಬೀಳಬೇಕು. ಸರಬರಾಜಾದ ಬಾಟಲಿ ಮಿಲಿಗೆ 40 ಯೂನಿಟ್‌ನದೋ 100 ಯೂನಿಟ್‌ನದೋ? 40ಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಔಷಧಿಯನ್ನು ಕೆಂಪು ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್. ಟೆಂಡರ್ ಬದಲಾದಾಗ ಬಾಟಲಿ ಒಂದು ಜಾತಿ, ಸಿರಿಂಜು ಒಂದು ಜಾತಿ ಬಂದುಬಿಡಬಹುದು.

ಆದರೆ ಗುಳಿಗೆ ಕೈಗೆ ಹಾಕುವ ಕೆಲಸ ಅವನದಲ್ಲ. ನಿದ್ದೆ ತರುವ ಆಲ್ಪ್ರಜೋಲಾಂ, ಡಯಾಜೆಪಾಂ, 2018ರಲ್ಲಿ ಮಾದಕ ವಸ್ತು ಕಾಯ್ದೆಯಡಿ ಬಂದ ನೋವಿನ ಗುಳಿಗೆ ಟ್ರಮಡಾಲ್ ಇವು ಬೀಗದ ಕಪಾಟಿನಲ್ಲಿರಬೇಕು. ಪಾಳಿ ಬದಲಾದಾಗಲೆಲ್ಲ ಇಬ್ಬರು ಸಿಬ್ಬಂದಿ ಎಣಿಸಿ ಸಹಿ ಹಾಕಬೇಕು: ಇದ್ದದ್ದು, ಬಂದದ್ದು, ಕೊಟ್ಟದ್ದು, ಉಳಿದದ್ದು. ಗುಳಿಗೆ ನುಂಗಿಸುವಾಗಲೂ ಕ್ರಮವಿದೆ. ನೀರು ಕುಡಿಸಿ, ಹೆಸರು ಹೇಳಿಸಿ, ಬಾಯಿ ತೆರೆಸಿ, ನಾಲಗೆ ಎತ್ತಿಸಿ, ಒಸಡು-ಕೆನ್ನೆಯ ಸಂದು ನೋಡಬೇಕು. ಅಲ್ಲಿ ಅಡಗಿದ ಗುಳಿಗೆ ಸಂಜೆಗೆ ಮಾರಾಟಕ್ಕೆ ಬರುತ್ತದೆ.

ಎಂಬಿಬಿಎಸ್ ಓದಿದವನ ನಿಜವಾದ ಉಪಯೋಗ ಲಾಕಪ್ ನಂತರದ ಹನ್ನೆರಡು ತಾಸುಗಳಲ್ಲಿದೆ. ಜೈಲಿನಲ್ಲಿ ರಾತ್ರಿಯೂಟ ಬೇಗ. ಸಂಜೆ ಇನ್ಸುಲಿನ್ ಚುಚ್ಚಿಸಿಕೊಂಡ ಮಧುಮೇಹಿ ರೊಟ್ಟಿ ಸೇರದೆ ಅರ್ಧಕ್ಕೆ ಬಿಟ್ಟು ಮಲಗಿದರೆ ನಡುರಾತ್ರಿ ಸಕ್ಕರೆ ಇಳಿಯುತ್ತದೆ: ಬೆವರು, ನಡುಕ, ಅಡ್ಡಾದಿಡ್ಡಿ ಮಾತು. ಪಕ್ಕದವರಿಗೆ ಅದು ಕುಡಿದವನ ಅವತಾರದಂತೆ ಕಾಣುತ್ತದೆ. ತಿಳಿದವನಿದ್ದರೆ ಗ್ಲುಕೋಮೀಟರ್ ತರಿಸುತ್ತಾನೆ. 70ಕ್ಕಿಂತ ಕೆಳಗಿದ್ದು ಎಚ್ಚರವಿದ್ದರೆ ಮೂರು ಚಮಚೆ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡುವುದು, ಆಮೇಲೆ ತಿನ್ನಲು ಏನಾದರೂ ಕೊಡುವುದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ, ಮಗ್ಗುಲಾಗಿ ಮಲಗಿಸಿ, ವಾರ್ಡರನ್ನು ಕೂಗುವುದು. ಇಷ್ಟಕ್ಕೆ ರಾತ್ರಿ ಪಾಳಿಯ ವಾರ್ಡರ ಪೆಟ್ಟಿಗೆಯಲ್ಲಿ ಮೀಟರು, ಕಾಲು ಕಿಲೊ ಸಕ್ಕರೆ ಇರಬೇಕು. ಯಾರ ಮಾತಿನ ಮೇಲೆ ಬೀಗ ತೆಗೆಯಬೇಕೆಂಬುದು ಬರಹದಲ್ಲಿರಬೇಕು. ಎಷ್ಟೋ ಕಡೆ ಕೆಡುವುದು ಈ ಕೊನೆಯ ಸಂಗತಿಯಲ್ಲೇ. ರೋಗ ಗುರುತಾಗುತ್ತದೆ, ಬಾಗಿಲು ತೆರೆಯುವುದಿಲ್ಲ.

ದಿನಾ ಕುಡಿಯುತ್ತಿದ್ದು, ಜೈಲಿಗೆ ಬಂದು ಸಾರಾಯಿ ತಪ್ಪಿದ ಹೊಸ ಬಂಧಿಯದೂ ಇದೇ ಹಾಡು. ಕೊನೆಯ ಗುಟುಕಾಗಿ 6ರಿಂದ 48 ತಾಸಿನೊಳಗೆ ಫಿಟ್ಸ್ ಬರಬಹುದು. ಎರಡು-ಮೂರು ದಿನಕ್ಕೆ ಗೋಡೆಯ ಮೇಲೆ ಹುಳ ಹರಿದಾಡಿದಂತೆ ಕಂಡು ಚೀರಾಡಬಹುದು. ‘ನಾಟಕ ಮಾಡತಾನ’ ಎಂದು ಸೆಲ್‌ಗೆ ನೂಕಿದರೆ ಜೀವ ಹೋಗುತ್ತದೆ. ಮೊದಲ ದಿನದ ಕೈ ನಡುಕ, ಬೆವರು, ನಾಡಿಯ ಓಟ ಕಂಡು ಡಾಕ್ಟರಿಗೆ ಸುದ್ದಿ ಮುಟ್ಟಿಸಲು ಬ್ಯಾರಕ್‌ನೊಳಗೇ ಒಬ್ಬ ಬಲ್ಲವನಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸಬೇಕೋ ಇಲ್ಲಿಯೇ ನೋಡಬೇಕೋ ಎಂಬ ತೀರ್ಮಾನ ವೇಳೆಗೆ ಸರಿಯಾಗಿ ಆಗುತ್ತದೆ. ತೀರ್ಮಾನ ಡಾಕ್ಟರದು.

ಕ್ಷಯದ ವಿಷಯದಲ್ಲಂತೂ ಇಂಥವನು ಬಂಗಾರ. ಎರಡು ವಾರ ದಾಟಿದ ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಈ ನಾಲ್ಕನ್ನು ವಾರಕ್ಕೊಮ್ಮೆ ಸಾಲಾಗಿ ಕೇಳುತ್ತ ಹೋಗುವುದು ಯಾವ ಅಧಿಕಾರವೂ ಬೇಡದ ಕೆಲಸ. ಚಿಕಿತ್ಸೆ ಶುರುವಾದವರನ್ನು ತಿಂಗಳಿಗೊಮ್ಮೆ ತೂಗಿ ಚಾರ್ಟ್ ಬರೆಯುವುದೂ ಅಷ್ಟೆ. ನಾಲ್ಕು ಔಷಧಿ ಕೂಡಿದ ಗುಳಿಗೆಯನ್ನು 35-49 ಕಿಲೊದವರಿಗೆ ದಿನಕ್ಕೆ 3, 50-64ರವರಿಗೆ 4 ಕೊಡುತ್ತಾರೆ. ತೂಕ 5 ಕಿಲೊ ಏರಿಯೋ ಇಳಿದೋ ಪಟ್ಟಿ ದಾಟಿದರೆ ಡೋಸ್ ಬದಲಾಗಬೇಕು. ಗಡಿಬಿಡಿಯ ಒಪಿಡಿಯಲ್ಲಿ ತಪ್ಪಿಹೋಗುವುದು ಇದೇ.

ನರ್ಸಿಂಗ್ ಓದಿದವರು ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬಹುದು, ಉಣಿಸಬಹುದು, ಬಿಪಿ ನೋಡಿ ಬರೆಯಬಹುದು. ಸೂಜಿ ಬೇಡ. ಬಳಸಿದ ಸೂಜಿ ಲೆಕ್ಕ ಸಮೇತ ಬಿಳಿ ಡಬ್ಬಿ ಸೇರಬೇಕು, ಆ ಲೆಕ್ಕ ಸಿಬ್ಬಂದಿಯದು. ಐರ್ಲೆಂಡಿನಲ್ಲಿ 2009ರಿಂದ ವೀಟ್‌ಫೀಲ್ಡ್ ಜೈಲಿನಲ್ಲಿ ಶುರುವಾಗಿ ಕೈದಿಗಳೇ ರೆಡ್‌ಕ್ರಾಸ್ ಸ್ವಯಂಸೇವಕರಾಗಿ ಪ್ರಥಮ ಚಿಕಿತ್ಸೆ, ಸ್ವಚ್ಛತೆ, ಕ್ಷಯ-ಎಚ್‌ಐವಿ ತಿಳಿವಳಿಕೆಯ ಕೆಲಸ ಮಾಡುತ್ತಿದ್ದಾರೆ. ಗುಳಿಗೆ-ಚೀಟಿಯ ಗೊಡವೆ ಇಲ್ಲದಿರುವುದೇ ಅದು ನಡೆದುಬಂದ ಗುಟ್ಟು ಎಂದು ನಮ್ಮ ಎಣಿಕೆ.

ಆರಿಸುವಾಗ ಪದವಿಯನ್ನು ಕೌನ್ಸಿಲ್ ರಿಜಿಸ್ಟರಿಗೆ ತಾಳೆ ನೋಡಲೇಬೇಕು. ಬೋರ್ಡು ಹಾಕಿಕೊಂಡ ನಕಲಿ ಡಾಕ್ಟರುಗಳೂ ಜೈಲಿಗೆ ಬರುತ್ತಾರೆ! ರೋಗಿಯ ಮೇಲೆಯೇ ಎಸಗಿದ ಅಪರಾಧ, ಮಾದಕ ವಸ್ತುವಿನ ಕೇಸು ಇದ್ದವರು ಬೇಡ. ಆರು ತಿಂಗಳಿಗೊಮ್ಮೆ ಜಿಲ್ಲಾ ಆಸ್ಪತ್ರೆಯಿಂದ ಹೊರಗಿನವರೊಬ್ಬರು ಬಂದು ಬಂಧಿಗಳನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿ ಪರಿಶೀಲಿಸಲಿ. ದವಾಖಾನೆಯ ಗೋಡೆಗೆ ಕನ್ನಡದಲ್ಲಿ ದೊಡ್ಡಕ್ಷರದ ಬೋರ್ಡು ಬೇಕು: ‘ಈ ಸಹಾಯಕರು ಔಷಧಿ, ಮಂಚ, ಪಥ್ಯ, ಹೊರಗಿನ ಆಸ್ಪತ್ರೆಯ ಚೀಟಿ ಕೊಡಲಾರರು.’ ಅವನನ್ನು ಕಾಪಾಡುವುದು ಈ ಬೋರ್ಡೇ. ಕೊಡಲು ಏನೂ ಇಲ್ಲದವನ ಕತ್ತು ಹಿಡಿದು ಪ್ರಯೋಜನವಿಲ್ಲ.

ತಮ್ಮ ಪರಿಚಯದವನು ಈಗ ಮಾಡಬೇಕಾದ್ದು: ಜೈಲು ಅಧೀಕ್ಷಕರಿಗೆ ಲಿಖಿತ ಅರ್ಜಿ, ‘ವೈದ್ಯನಾಗಿ’ ಎಂದಲ್ಲ, ‘ವೈದ್ಯಾಧಿಕಾರಿಯ ಕೈಕೆಳಗೆ ಆರೋಗ್ಯ ಸಹಾಯಕನಾಗಿ’ ಎಂದು. ಪದವಿ, ನೋಂದಣಿಯ ಪ್ರತಿ ಲಗತ್ತಿಸಲಿ. ಕುಶಲ ದರ್ಜೆಯ ಕೂಲಿ ಕೇಳಲಿ, ಸಂಕೋಚ ಬೇಡ. ಒಂದು ಪ್ರತಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಲಿ. ಅಲ್ಲಿನ ವಕೀಲರು ಜೈಲಿಗೆ ಬಂದಾಗ ಉತ್ತರ ಬಂತೇ ಎಂದು ವಿಚಾರಿಸಬಲ್ಲರು. ಹಾಗೆಯೇ ಅವನ ನೋಂದಣಿಯ ನವೀಕರಣ ಯಾವಾಗ ಎಂದು ಮನೆಯವರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಕೇಳಿಕೊಳ್ಳಲಿ, ಶಿಕ್ಷೆಯ ಸಂಗತಿ ಮುಚ್ಚಿಡದೆ.