ಮೊದಲಿನ ಮನೆಯ ರುಚಿ, ಈಗಿನ ಮನೆಯ ಹಬ್ಬ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಧಾರವಾಡದ ಕಡೆಯವಳು. ಮೊದಲ ಮದುವೆ ವಿಚ್ಛೇದನದಲ್ಲಿ ಮುಗಿದ ಮೇಲೆ ಮೈಸೂರಿನವರೊಬ್ಬರನ್ನು ಮದುವೆಯಾದೆ. ಅವರ ಮೊದಲ ಪತ್ನಿ ಕಾಯಿಲೆಯಿಂದ ತೀರಿಕೊಂಡಿದ್ದಾರೆ. 14 ವರ್ಷದ ಮಗಳು ಮತ್ತು 9 ವರ್ಷದ ಮಗ ಇದ್ದಾರೆ. ಯುಗಾದಿಗೆ ತವರಿನ ಪದ್ಧತಿಯಂತೆ ಕಡಲೆಬೇಳೆಯ ಹೋಳಿಗೆ ಮಾಡಿದೆ. ಮಗಳು ಒಂದು ತುತ್ತು ತಿಂದು, “ಅಮ್ಮ ಮಾಡುತ್ತಿದ್ದ ಒಬ್ಬಟ್ಟು ಹೀಗಿರಲಿಲ್ಲ” ಎಂದು ಎದ್ದು ಹೋದಳು. ಅತ್ತೆಯವರು ಏನೂ ಅನ್ನಲಿಲ್ಲ, ಆದರೆ ಅವರ ಎಲೆಯಲ್ಲೂ ಅರ್ಧ ಹೋಳಿಗೆ ಉಳಿದಿತ್ತು. ಮೊನ್ನೆ ಗೆಳತಿಯರೆಲ್ಲ ಸೇರಿದ್ದಾಗ ಈ ಮಾತು ಬಂತು. ಮಕ್ಕಳು ಒಗ್ಗುವ ತನಕ ಅವರ ಅಮ್ಮನ ಹಾಗೆಯೇ ಮಾಡು ಎಂದು ಒಬ್ಬಳು ಹೇಳಿದಳು. ಸ್ವತಃ ಮರುಮದುವೆಯಾಗಿರುವ ಇನ್ನೊಬ್ಬಳು, ಹಾಗೆ ಮಾಡಿದರೆ ಜೀವನವಿಡೀ ಬೇರೆಯವರ ಜಾಗದಲ್ಲಿ ನಿಂತ ಹಾಗಿರುತ್ತದೆ, ನಿನ್ನ ಕೈರುಚಿಯನ್ನು ಬಿಡಬೇಡ ಎಂದಳು. ಸಿಹಿಯನ್ನು ಅಂಗಡಿಯಿಂದ ತಂದುಬಿಟ್ಟರೆ ತಕರಾರೇ ಇರುವುದಿಲ್ಲ ಎಂಬುದು ಮತ್ತೊಬ್ಬಳ ಸಲಹೆ. ಯಾರ ಮಾತು ಸರಿ?
— ಹೆಸರು ಬೇಡ, ಮೈಸೂರು

ಉತ್ತರ: ಅಂಗಡಿಯ ಸಲಹೆಯನ್ನು ಮೊದಲು ಪಕ್ಕಕ್ಕಿಡಿ. ತಕರಾರು ಇಲ್ಲದಂತಾಗುವುದೇನೋ ನಿಜ, ಆದರೆ ಹಬ್ಬದ ದಿನ ನಿಮ್ಮ ಅಡುಗೆಮನೆಗೆ ಮಕ್ಕಳು ಕಾಲಿಡಲು ಇರುವ ಕಾರಣವೂ ಅದರೊಂದಿಗೇ ಹೋಗುತ್ತದೆ. ಉಳಿದ ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ವರ್ಷಕ್ಕೆ ಒಂದೇ ಹಬ್ಬ, ಹಬ್ಬಕ್ಕೆ ಒಂದೇ ಸಿಹಿ ಎಂದು ಇಬ್ಬರೂ ಎಣಿಸಿದಂತಿದೆ. ನಿಮ್ಮ ಸಮಸ್ಯೆಗೆ ದಾರಿ ಪಂಚಾಂಗದಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಆ ಒಬ್ಬಟ್ಟಿನ ವಿಚಾರ. ನಿಮ್ಮ ಹೋಳಿಗೆ ಕೆಟ್ಟಿರಲಿಲ್ಲ. ಅದು ಬೇರೆಯದೇ ತಿನಿಸಾಗಿತ್ತು, ಅಷ್ಟೆ. ನಿಮ್ಮ ಕಡೆ ಕಡಲೆಬೇಳೆಯ ಹೂರಣ ತುಂಬಿ, ಗೋಧಿ ಹಿಟ್ಟಿನ ಕಣಕದಲ್ಲಿ ಲಟ್ಟಿಸಿ, ಹಾಲು ತುಪ್ಪದೊಂದಿಗೆ ಬಡಿಸುತ್ತಾರೆ. ಮೈಸೂರಿನ ಬಹುತೇಕ ಮನೆಗಳಲ್ಲಿ ತೊಗರಿಬೇಳೆಯನ್ನು ಬೆರಳಿನಲ್ಲಿ ಒತ್ತಿದರೆ ಮುರಿಯುವಷ್ಟು ಮಾತ್ರ ಬೇಯಿಸಿ, ನೀರನ್ನು ಪೂರ್ತಿಯಾಗಿ ಬಸಿದು, ಬೇಳೆಯಷ್ಟೇ ಅಳತೆಯ ಬೆಲ್ಲ, ಕಾಯಿತುರಿ ಮತ್ತು ಏಲಕ್ಕಿ ಸೇರಿಸಿ ನುಣ್ಣಗೆ ರುಬ್ಬುತ್ತಾರೆ. ಕಣಕಕ್ಕೆ ಚಿರೋಟಿ ರವೆ, ಮೈದಾ ಮತ್ತು ಚಿಟಿಕೆ ಅರಿಶಿನ ಹಾಕಿ ಮೆತ್ತಗೆ ಕಲಸುತ್ತಾರೆ. ಅದರ ಮೇಲೆ ಧಾರಾಳವಾಗಿ ಎಣ್ಣೆ ಸುರಿದು, ಎರಡು ಮೂರು ಗಂಟೆ ನೆನೆಯಲು ಬಿಟ್ಟು, ಆಮೇಲೆ ಬಾಳೆಲೆಯ ಮೇಲೆ ಕೈಯಲ್ಲೇ ತಟ್ಟುತ್ತಾರೆ. ಕಣಕ ಸಾಕಷ್ಟು ನೆನೆಯದಿದ್ದರೆ ತಟ್ಟುವಾಗ ಹರಿದು ಹೂರಣ ಹೊರಬರುತ್ತದೆ. ಗೋಧಿಯ ಕಣಕಕ್ಕೆ ಒಗ್ಗಿದ ಕೈಗೆ ಮೊದಲು ತೊಡಕಾಗುವುದು ಇಲ್ಲಿಯೇ. ಬೆಲ್ಲ ಹಾಕಿದ ಮೇಲೆ ಹೂರಣ ನೀರಾದರೆ ಗಾಬರಿ ಬೇಡ, ಸಣ್ಣ ಉರಿಯಲ್ಲಿ ಮಗುಚುತ್ತಿದ್ದರೆ ಗಟ್ಟಿಯಾಗುತ್ತದೆ.

ಆದರೆ ಮಗಳು ಹಂಬಲಿಸುತ್ತಿರುವುದು ಬಹುಶಃ ಒಬ್ಬಟ್ಟಿಗಿಂತ ಹೆಚ್ಚಾಗಿ ಅದರ ಸಾರಿಗೆ ಎಂದು ನನಗೆ ಅನ್ನಿಸುತ್ತದೆ. ಒಬ್ಬಟ್ಟಿನ ಬೇಳೆ ಬಸಿದ ಕಟ್ಟಿಗೆ ಹುಣಸೆರಸ, ಸಾರಿನ ಪುಡಿ, ಕಾಯಿಯ ಜೊತೆ ರುಬ್ಬಿದ ಒಂದು ಹಿಡಿ ಹೂರಣ, ಕೊನೆಗೆ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಬೀಳುವ ಈ ಸಾರು ಹಬ್ಬದ ದಿನಕ್ಕಿಂತ ಮರುದಿನ ಹೆಚ್ಚು ರುಚಿಯಾಗಿರುತ್ತದೆ, ಮತ್ತು ಆ ಕಡೆಯ ಎಷ್ಟೋ ಮನೆಗಳಲ್ಲಿ ಮಕ್ಕಳು ಅದಕ್ಕಾಗಿಯೇ ಕಾದಿರುತ್ತಾರೆ. ನಿಮ್ಮ ಕಡೆಯ ಕಟ್ಟಿನ ಸಾರಿನಲ್ಲಿ ಒಣಕೊಬ್ಬರಿ, ಚಕ್ಕೆ, ಲವಂಗದ ಮಸಾಲೆ ಮುಂದಾಗಿರುತ್ತದೆ. ಇಲ್ಲಿನದರಲ್ಲಿ ಸಿಹಿ ಮತ್ತು ಹುಳಿ ಮುಂದಾಗಿರುತ್ತವೆ. ಕಾಣಲು ಒಂದೇ ಬಣ್ಣ, ಬಾಯಿಗೆ ಬೇರೆ. “ಅಮ್ಮ ಸಾರಿಗೆ ಏನೇನು ಹಾಕುತ್ತಿದ್ದರು, ನಿನಗೆ ನೆನಪಿದೆಯೇ?” ಎಂದು ಒಮ್ಮೆ ಮಗಳನ್ನೇ ಕೇಳಿ ನೋಡಿ. ಅತ್ತೆಯವರನ್ನು ಕೇಳುವುದಕ್ಕಿಂತ ಮೊದಲು ಅವಳನ್ನು ಕೇಳಬೇಕು. ತಾಯಿಯ ಹೆಸರನ್ನು ನಿಮ್ಮ ಎದುರಿಗೆ ಎತ್ತಬಾರದೇನೋ ಎಂಬ ಅಳುಕು ಆ ವಯಸ್ಸಿನ ಮಕ್ಕಳಿಗೆ ಇರುತ್ತದೆ, ಅದನ್ನು ತೆಗೆಯಬಲ್ಲವರು ನೀವೊಬ್ಬರೇ. ಅವಳು ಎದ್ದು ಹೋದದ್ದು ನಿಮ್ಮ ಮೇಲಿನ ಕೋಪದಿಂದಲ್ಲ. ತಾಯಿಯಿಲ್ಲದ ಯುಗಾದಿ ಅವಳಿಗೆ ಆ ತುತ್ತಿನಲ್ಲಿ ಅರಿವಾಗಿರಬೇಕು.

ಇನ್ನು ಪಂಚಾಂಗದ ಮಾತು. ಯುಗಾದಿಯ ಒಬ್ಬಟ್ಟು ಮತ್ತು ಗೌರಿ ಹಬ್ಬದ ಅಡುಗೆ ಆ ಮನೆಯ ಪದ್ಧತಿಯಲ್ಲಿಯೇ ಇರಲಿ, ಏಕೆಂದರೆ ಹಳೆ ಮೈಸೂರಿನ ಮನೆಗಳಲ್ಲಿ ಈ ಎರಡು ಹಬ್ಬಗಳಿಗೆ ನೆನಪು ಹೆಚ್ಚು ಅಂಟಿಕೊಂಡಿರುತ್ತದೆ. ಅದಕ್ಕೆ ಬದಲಾಗಿ ನಾಗರಪಂಚಮಿಯನ್ನು ನೀವು ತೆಗೆದುಕೊಳ್ಳಿ. ಮೈಸೂರಿನ ಅನೇಕ ಮನೆಗಳಲ್ಲಿ ಅಂದು ತನಿ ಎರೆದು, ಚಿಗಳಿ ತಂಬಿಟ್ಟು ಮಾಡಿದರೆ ಹಬ್ಬ ಮುಗಿಯಿತು. ನಿಮ್ಮ ಕಡೆ ಅದು ಹೆಣ್ಣುಮಕ್ಕಳ ದೊಡ್ಡ ಹಬ್ಬ. ಎಳ್ಳುಂಡೆ, ಶೇಂಗಾದುಂಡೆ, ಅಳ್ಳಿಟ್ಟು, ಡಬ್ಬಿಗಟ್ಟಲೆ ಉಂಡಿಗಳು, ಮರಕ್ಕೆ ಕಟ್ಟಿದ ಜೋಕಾಲಿ! ಆ ದಿನ ಆ ಮನೆಯಲ್ಲಿ ಯಾರ ರುಚಿಯೊಂದಿಗೂ ನಿಮ್ಮ ಅಡುಗೆ ಹೋಲಿಕೆಗೆ ನಿಲ್ಲುವುದಿಲ್ಲ. ಸಂಕ್ರಾಂತಿಯೂ ಹಾಗೆಯೇ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೆರೆಸಿ ಸಕ್ಕರೆ ಅಚ್ಚಿನೊಂದಿಗೆ ಬೀರುವುದು ಅವರ ಕಡೆಯ ಸಂಭ್ರಮವಾದರೆ, ಹಿಂದಿನ ದಿನದ ಭೋಗಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳಿನ ಚಟ್ನಿ, ಶೇಂಗಾ ಹೋಳಿಗೆ ನಿಮ್ಮವು. ಇವು ಒಂದರ ಜಾಗವನ್ನು ಇನ್ನೊಂದು ಕಸಿಯುವುದಿಲ್ಲ. ಶೇಂಗಾ ಹೋಳಿಗೆ ನಾಲ್ಕಾರು ದಿನ ಕೆಡದೆ ಉಳಿಯುವುದರಿಂದ ಮಗನ ಶಾಲೆಯ ಡಬ್ಬಿಗೂ ಹೋಗುತ್ತದೆ. ಮಗ ಚಿಕ್ಕವನು, ಹೊಸ ರುಚಿಗೆ ಅವನೇ ಮೊದಲು ಒಲಿಯಬಹುದು. ಹಾಗಾದರೆ ಮಗಳ ಎದುರಿಗೆ ಅದನ್ನು ದೊಡ್ಡ ಸುದ್ದಿ ಮಾಡಬೇಡಿ.

ನಿಮ್ಮ ಎರಡನೆಯ ಗೆಳತಿಯ ಆತಂಕವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಇನ್ನೊಬ್ಬರ ಕೈರುಚಿಯನ್ನು ಅನುಕರಿಸುತ್ತಲೇ ತಮ್ಮ ತವರಿನ ಅಡುಗೆಯನ್ನು ಮರೆತುಹೋದ ಹೆಂಗಸರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಅದು ಅನ್ಯಾಯವೇ. ಆದ್ದರಿಂದಲೇ ಹಬ್ಬಗಳನ್ನು ಹಂಚಿಕೊಳ್ಳುವ ಮಾತನ್ನು ಪತಿಯೊಂದಿಗೆ ಮುಂಚಿತವಾಗಿ ಆಡಿ, ಮತ್ತು ಅದನ್ನು ಮನೆಯವರಿಗೆ ಹೇಳುವ ಹೊಣೆಯನ್ನು ಅವರಿಗೇ ಬಿಡಿ.

ಪ್ರಶ್ನೆ: ನನಗೆ ವಿಚ್ಛೇದನವಾಗಿದೆ, ಮತ್ತೆ ಮದುವೆಯಾಗಿದ್ದೇನೆ. 11 ವರ್ಷದ ಮಗಳು ಮೊದಲ ಪತ್ನಿಯ ಜೊತೆ ಇದ್ದಾಳೆ. ದೀಪಾವಳಿಗೆ ನಮ್ಮ ಮನೆಗೆ ಬರುವಾಗ ಅವಳ ತಾಯಿ ಮಾಡಿದ ಕರ್ಜಿಕಾಯಿಯ ಡಬ್ಬಿ ತರುತ್ತಾಳೆ. ನನಗೆ ಅದು ಬಹಳ ಇಷ್ಟ, ಆದರೆ ನಾನು ತಿಂದರೆ ನನ್ನ ಹೆಂಡತಿಗೆ ಬೇಸರ, ತಿನ್ನದಿದ್ದರೆ ಮಗಳಿಗೆ ಬೇಸರ. ಕೆಲಸದ ಜಾಗದ ಗೆಳೆಯರು, ಡಬ್ಬಿ ಕಳಿಸಬೇಡ ಎಂದು ಆಕೆಗೆ ಹೇಳಿಬಿಡು ಎನ್ನುತ್ತಾರೆ.
— ಓದುಗರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ಹಾಗೆ ಹೇಳಬೇಡಿ. ಡಬ್ಬಿ ಕಳಿಸುವವರು ಅವರಾದರೂ ಅದನ್ನು ಹೊತ್ತು ತರುವವಳು ಮಗು, ಆದ್ದರಿಂದ ಬೇಡವೆಂಬ ಮಾತು ಮೊದಲು ತಾಕುವುದು ಅವಳಿಗೆ. ಡಬ್ಬಿಯನ್ನು ನೀವೊಬ್ಬರೇ ತೆರೆದು ಕುಳಿತುಕೊಳ್ಳದೆ, ಮನೆಯ ಉಳಿದ ಫಳಾರದ ಜೊತೆ ಅದನ್ನೂ ತಟ್ಟೆಗೆ ಹಾಕಿಸಿ ಎಲ್ಲರೂ ತಿನ್ನಿ. ಚೆನ್ನಾಗಿದೆ ಎಂದು ಮಗಳಿಗೆ ಒಮ್ಮೆ ಹೇಳಿದರೆ ಸಾಕು. ನಿಮ್ಮ ಹೆಂಡತಿ ಮಾಡಿದ ತಿಂಡಿಯೊಂದಿಗೆ ಅದನ್ನು ಹೋಲಿಸುವ ಮಾತು, ಹೊಗಳಿಕೆಯಾಗಲಿ ಸಮಾಧಾನವಾಗಲಿ, ನಿಮ್ಮ ಬಾಯಿಂದ ಬರದಿರಲಿ.

ತಿನಿಸು ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬ ಪದ್ಧತಿ ನಮ್ಮಲ್ಲಿದೆ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಆ ಡಬ್ಬಿಯಲ್ಲಿ ಏನು ಹೋಗಬೇಕೆಂಬುದನ್ನು ನಿಮ್ಮ ಹೆಂಡತಿಯೇ ತೀರ್ಮಾನಿಸಲಿ, ಅವರಿಗೆ ಮನಸ್ಸಿದ್ದರೆ ಅವರ ಕೈಯದೇ ಚಕ್ಕುಲಿಯೋ ಅವಲಕ್ಕಿ ಚೂಡಾವೋ ಹೋಗಲಿ. ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ, ನೀವೇ ಹಣ್ಣು ತಂದು ತುಂಬಿ ಕಳಿಸಿ. ಕಳೆದುಹೋದ ದಾಂಪತ್ಯದ ನೆರಳು ತನ್ನ ಅಡುಗೆಮನೆಗೆ ಬರುವುದನ್ನು ನೋಡಿ ಹೆಣ್ಣೊಬ್ಬಳಿಗೆ ಬೇಸರವಾದರೆ ಅದು ಸಣ್ಣತನವಲ್ಲ. ಅವರೊಂದಿಗೆ ಈ ಮಾತನ್ನು ಹಬ್ಬದ ದಿನ, ಮಗು ಮನೆಯಲ್ಲಿರುವಾಗ ಆಡದೆ, ಒಂದು ವಾರ ಮೊದಲೇ ಆಡಿ.

ಪ್ರಶ್ನೆ: ಗಂಡ ತೀರಿಕೊಂಡು ಆರು ವರ್ಷವಾದ ಮೇಲೆ ನಾನು ಮತ್ತೆ ಮದುವೆಯಾದೆ. ಗೌರಿ ಹಬ್ಬದಲ್ಲಿ ನೆರೆಯ ಗೆಳತಿಯರೆಲ್ಲ ಬಾಗಿನ ಕೊಟ್ಟು ತೆಗೆದುಕೊಳ್ಳುವಾಗ, ಮರುಮದುವೆಯಾದವಳಿಗೆ ಬಾಗಿನ ಸಲ್ಲದು ಎಂದು ಹಿರಿಯರೊಬ್ಬರು ಎಲ್ಲರೆದುರು ಹೇಳಿದರು. ಇದು ಶಾಸ್ತ್ರವೇ?
— ಓದುಗರು, ತುಮಕೂರು

ಉತ್ತರ: ಇದು ಹಳೆಯ ಸಾಮಾಜಿಕ ಕಟ್ಟಳೆಯ ಉಳಿಕೆ. ಕನ್ನಡನಾಡಿನ ಅನೇಕ ಸಮುದಾಯಗಳಲ್ಲಿ ವಿಧವೆಯರ ಮರುಮದುವೆ ಬಹಳ ಹಿಂದಿನಿಂದಲೂ ನಡೆಯುತ್ತಿತ್ತು. ಉಡಿಕೆ, ಸೀರುಡಿಕೆ, ಕೂಡಿಕೆ ಎಂದು ಕರೆಯುತ್ತಿದ್ದುದು ಅದನ್ನೇ. ಆದರೆ ಅದನ್ನು ಸಡಗರವಿಲ್ಲದೆ, ಎಷ್ಟೋ ಕಡೆ ಕತ್ತಲಾದ ಮೇಲೆ, ಸೀರೆ ಕೊಟ್ಟು ಮುಗಿಸುತ್ತಿದ್ದರು. ಹಾಗೆ ಮದುವೆಯಾದವರನ್ನು ಇತರರ ಮದುವೆಯ ಶುಭಕಾರ್ಯಗಳಿಂದ ದೂರವಿಡುವುದೂ ಇತ್ತು. ನಿಮಗೆ ಆ ಮಾತನ್ನು ಹೇಳಿದವರು ಇದನ್ನೇ ಕೇಳಿ ಬೆಳೆದಿರಬೇಕು. ಬ್ರಿಟಿಷ್ ಆಳ್ವಿಕೆಯ ಪ್ರದೇಶಗಳಲ್ಲಿ 1856ರ ಕಾಯಿದೆಯೇ ಹಿಂದೂ ವಿಧವೆಯರ ಮರುಮದುವೆಗೆ ಮಾನ್ಯತೆ ಕೊಟ್ಟಿತು. ಇಂದು ಜಾರಿಯಲ್ಲಿರುವ 1955ರ ಹಿಂದೂ ವಿವಾಹ ಕಾಯಿದೆ ಮೊದಲ ಮದುವೆಗೂ ಮರುಮದುವೆಗೂ ಯಾವ ಮೇಲುಕೀಳನ್ನೂ ಎಣಿಸುವುದಿಲ್ಲ. ಬಾಗಿನ ಮುತ್ತೈದೆಯರ ನಡುವಿನದು ಎಂದೇ ಲೆಕ್ಕವಾದರೂ ನೀವು ಇಂದು ಮುತ್ತೈದೆಯೇ ಆಗಿದ್ದೀರಿ. ಮುಂದಿನ ಗೌರಿಗೆ ಮೊರಗಳನ್ನು ತಂದು, ಅರಿಶಿನ ಹಚ್ಚಿ, ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಿಚ್ಚೋಲೆ ಇಟ್ಟು, ನೀವೇ ಗೆಳತಿಯರನ್ನು ಮನೆಗೆ ಕರೆಯಿರಿ. ನಿಜವಾದ ಗೆಳತಿಯರು ಬಂದೇ ಬರುತ್ತಾರೆ.

ಪ್ರಶ್ನೆ: ನನ್ನ ಮಗನ ಮೊದಲ ಹೆಂಡತಿ ತೀರಿಕೊಂಡಿದ್ದಾಳೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಅವಳಿಗೂ ಇಡುತ್ತೇವೆ. ಅವಳಿಗೆ ನಾಟಿಕೋಳಿ ಸಾರು, ಕಜ್ಜಾಯ ಎಂದರೆ ಪ್ರಾಣ. ಈಗಿನ ಸೊಸೆ ಮಾಂಸ ಮುಟ್ಟುವವಳಲ್ಲ. ನಾನು ಏನು ಮಾಡಲಿ? ಎಡೆಯನ್ನೇ ನಿಲ್ಲಿಸಬೇಕೇ?
— ಒಬ್ಬ ಅಜ್ಜಿ, ಮಂಡ್ಯ ಜಿಲ್ಲೆ

ಉತ್ತರ: ನಿಲ್ಲಿಸಬೇಡಿ ಅಜ್ಜಿ. ಮುತ್ತೈದೆಯಾಗಿ ಹೋದವಳನ್ನು ನೆನೆಯುವುದು ನಮ್ಮಲ್ಲಿ ಹಳೆಯ ಆಚಾರ. ಕೆಲವು ಮನೆತನಗಳು ಅದಕ್ಕಾಗಿಯೇ ಭಾದ್ರಪದ ಬಹುಳ ನವಮಿಯನ್ನು ಅವಿಧವಾ ನವಮಿ ಎಂದು ಆಚರಿಸುತ್ತವೆ. ಎಡೆಯಲ್ಲಿ ಹೋದವರಿಗೆ ಇಷ್ಟವಾದುದನ್ನೇ ಇಡಬೇಕೆಂಬ ನಿಮ್ಮ ಮನಸ್ಸೂ ಸರಿಯಾಗಿದೆ. ಆದರೆ ಅದನ್ನು ಈಗಿನ ಸೊಸೆಯ ಕೈಯಲ್ಲಿ ಬೇಯಿಸಿಸುವುದು ಬೇಡ. ಕೋಳಿ ಸಾರನ್ನು ನಿಮ್ಮ ಮಗ ಮಾಡಲಿ. ಗಂಡಸರು ಹಿತ್ತಲಲ್ಲಿ ಒಲೆ ಹೂಡಿ ಬಾಡೂಟ ಮಾಡುವುದು ನಿಮ್ಮ ಕಡೆ ಹೊಸದೇನಲ್ಲ, ಒಂದು ದಿನ ಪ್ರತ್ಯೇಕ ಪಾತ್ರೆಯಲ್ಲಿ ಹೊರಗೆ ಮಾಡಿದರೆ ಸೊಸೆಯ ಒಲೆಗೂ ತೊಂದರೆಯಿಲ್ಲ. ಕಜ್ಜಾಯಕ್ಕೆ ಅಕ್ಕಿ ನೆನೆಸಿ, ನೆರಳಲ್ಲಿ ಆರಿಸಿ, ಹಿಟ್ಟು ಮಾಡಿ ಪಾಕಕ್ಕೆ ಹಾಕುವ ಹದ ನಿಮಗೆ ಗೊತ್ತಿದೆ. ಸೊಸೆಗೆ ಇಷ್ಟವಿದ್ದರೆ ಅದನ್ನು ಕಲಿಸಿ. ಮೊಮ್ಮಕ್ಕಳಿದ್ದರೆ ಎಡೆಯನ್ನು ಅವರ ಕೈಯಿಂದಲೇ ಇಡಿಸಿ. ಅಂದು ಸೊಸೆಗೆ ತವರಿಗೆ ಹೋಗಿಬರುವ ಮನಸ್ಸಿದ್ದರೆ ಹೋಗಲಿ, ಮನೆಯಲ್ಲೇ ಇರುತ್ತೇನೆಂದರೆ ಅವಳ ಊಟಕ್ಕೆ ಬೇರೆ ಸಾರು ಮಾಡಿಟ್ಟು, ಮೊದಲ ಪಂಕ್ತಿಯಲ್ಲಿಯೇ ಬಡಿಸಿ.